ಅಂಟದ ಬಾಣಲೆ, ಬಿಡದ ವಿಷ

ಮಲೆನಾಡಿನ ಜಾತ್ರೆಗಳಲ್ಲಿ, ತಾಲ್ಲೂಕು ಕೇಂದ್ರಗಳ ಕಲ್ಯಾಣ ಮಂಟಪಗಳಲ್ಲಿ ನಡೆಯುವ ಗೃಹೋಪಯೋಗಿ ವಸ್ತುಗಳ ಮೇಳಗಳಲ್ಲಿ ಒಂದು ಮಳಿಗೆ ತಪ್ಪುವುದಿಲ್ಲ. ಹೊಳೆಯುವ ಕಪ್ಪು ಬಾಣಲೆಯ ಮೇಲೆ ಎಣ್ಣೆಯ ಹನಿಯೂ ಇಲ್ಲದೆ ದೋಸೆ ಹೊಯ್ದು, ಅದನ್ನು ಬೆರಳಿನಿಂದಲೇ ಜಾರಿಸಿ ತೋರಿಸುವ ಮಳಿಗೆ ಅದು. ಹಳೆಯ ಪಾತ್ರೆ ತಂದರೆ ಹೊಸದಕ್ಕೆ ರಿಯಾಯಿತಿ ಎಂಬ ಫಲಕವೂ ಕೆಲವೆಡೆ ತೂಗುತ್ತಿರುತ್ತದೆ. ಮೂರು ತಲೆಮಾರು ದುಡಿದ ಕಬ್ಬಿಣದ ಕಾವಲಿ ಗುಜರಿಯ ತೂಕಕ್ಕೆ ಹೋಗುತ್ತದೆ. ನಾಲ್ಕು ಮಳೆಗಾಲ ಬಾಳದ ಬಾಣಲೆ ಮನೆ ಸೇರುತ್ತದೆ. ಈ ವಿನಿಮಯದಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ಲೆಕ್ಕ ಹಾಕುವುದೇ ಈ ಬರಹದ ಉದ್ದೇಶ.

ಅಣೆಕಟ್ಟು, ಗಣಿ, ಏಕಜಾತಿಯ ನೆಡುತೋಪುಗಳ ಬಗೆಗೆ ಬರೆಯುವ ಪತ್ರಿಕೆಯಲ್ಲಿ ಬಾಣಲೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಕಾಡನ್ನು ಕಡಿಯುವ ವ್ಯವಸ್ಥೆಯೂ ಒಲೆಯ ಬುಡಕ್ಕೆ ಬಂದು ಕೂರುವ ವ್ಯವಸ್ಥೆಯೂ ಬೇರೆಬೇರೆಯಲ್ಲ. ಅಣೆಕಟ್ಟು ಬಂದಾಗ ಊರು ಒಟ್ಟಾಗಿ ಎದುರು ನಿಲ್ಲುತ್ತದೆ. ಬಾಣಲೆ ಒಂದೊಂದೇ ಮನೆಯನ್ನು ಸದ್ದಿಲ್ಲದೆ ಹೊಕ್ಕುತ್ತದೆ. ಆದ್ದರಿಂದಲೇ ಅದರ ವಿಚಾರವನ್ನು ಇನ್ನಷ್ಟು ಎಚ್ಚರದಿಂದ ಆಡಬೇಕಾಗಿದೆ.

ಲೇಪನದ ಹುಟ್ಟು

ಬಾಣಲೆಗೆ ಬಳಿಯುವ ಆ ಜಾರು ಪದಾರ್ಥದ ಹೆಸರು ಪಾಲಿಟೆಟ್ರಾಫ್ಲೋರೋಎಥಿಲೀನ್, ಸಂಕ್ಷಿಪ್ತವಾಗಿ ಪಿ.ಟಿ.ಎಫ್.ಇ. ಅಮೆರಿಕೆಯ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ 1938ರಲ್ಲಿ ಶೈತ್ಯಕಾರಕ ಅನಿಲಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ಸಿಲಿಂಡರಿನೊಳಗೆ ಬಿಳಿಯ ಪುಡಿಯಾಗಿ ಇದು ಅಕಸ್ಮಾತ್ತಾಗಿ ದೊರೆಯಿತು. ‘ಟೆಫ್ಲಾನ್’ ಎಂಬುದು ಕಂಪನಿ ಇದಕ್ಕಿಟ್ಟ ವ್ಯಾಪಾರದ ಹೆಸರು. 1950ರ ದಶಕದಲ್ಲಿ ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಇದನ್ನು ಅಲ್ಯೂಮಿನಿಯಮ್ ಪಾತ್ರೆಗೆ ಅಂಟಿಸುವ ಉಪಾಯ ಕಂಡುಕೊಂಡರು. 1956ರಲ್ಲಿ ಟೆಫಾಲ್ ಕಂಪನಿ ಹುಟ್ಟಿತು.

ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ನಡುವಣ ಬಂಧ ಸಾವಯವ ರಸಾಯನಶಾಸ್ತ್ರದಲ್ಲಿಯೇ ಅತ್ಯಂತ ಬಲವಾದ ಏಕಬಂಧ. ಹಿಟ್ಟೂ ನೀರೂ ಎಣ್ಣೆಯೂ ಈ ಲೇಪನಕ್ಕೆ ಅಂಟದಿರಲು ಕಾರಣವಾದ ಬಂಧ ಅದೇ. ಈ ಕುಟುಂಬದ ರಾಸಾಯನಿಕಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳಾಗಲಿ, ಬಿಸಿಲಾಗಲಿ, ನಮ್ಮ ಯಕೃತ್ತಾಗಲಿ ಒಡೆಯಲಾರದಿರಲು ಕಾರಣವೂ ಅದೇ. ಸಾವಿರಾರು ಸದಸ್ಯರಿರುವ ಈ ಕುಟುಂಬವನ್ನು ಪಿಫಾಸ್ ಎಂದು ಕರೆಯುತ್ತಾರೆ. ಜನಬಳಕೆಯಲ್ಲಿ ‘ಚಿರಂತನ ರಾಸಾಯನಿಕಗಳು’. ಎಲೆ ಉದುರಿದರೆ ಗೊಬ್ಬರವಾಗುತ್ತದೆ, ದನ ಸತ್ತರೆ ಮಣ್ಣಾಗುತ್ತದೆ. ಹುಟ್ಟಿದ್ದು ಕೊಳೆಯಬೇಕೆಂಬ ಆ ನಿಯಮಕ್ಕೆ ಹೊರತಾದ ವಸ್ತುವನ್ನು ತಯಾರಿಸಿ, ಅದನ್ನು ಸೌಲಭ್ಯವೆಂದು ಮಾರಿದ್ದೇ ಈ ಕಥೆಯ ಮೂಲ.

ದನಗಳು ಹೇಳಿದ ಸತ್ಯ

ಲೇಪನ ತಯಾರಿಸುವಾಗ ದಶಕಗಳ ಕಾಲ ಬಳಸಿದ ಸಹಾಯಕ ರಾಸಾಯನಿಕ ಪರ್ಫ್ಲೋರೋಆಕ್ಟನೋಯಿಕ್ ಆಮ್ಲ, ಅಂದರೆ ಪಿ.ಎಫ್.ಓ.ಎ. ಅಮೆರಿಕೆಯ ಪಶ್ಚಿಮ ವರ್ಜೀನಿಯಾ ನಮ್ಮ ಸೀಮೆಯಂತೆಯೇ ಗುಡ್ಡಗಾಡಿನ ರಾಜ್ಯ. ಅಲ್ಲಿಯ ಪಾರ್ಕರ್ಸ್‌ಬರ್ಗ್ ಬಳಿ, ಒಹಾಯೋ ನದಿಯ ದಡದಲ್ಲಿರುವ ಡುಪಾಂಟ್ ಕಾರ್ಖಾನೆ 1951ರಿಂದ ಇದನ್ನು ಬಳಸತೊಡಗಿತು. ವಿಲ್ಬರ್ ಟೆನಂಟ್ ಎಂಬ ರೈತನ ಹುಲ್ಲುಗಾವಲಿನ ಮೇಲ್ಭಾಗದಲ್ಲಿ ಕಂಪನಿಯ ತ್ಯಾಜ್ಯದ ಗುಂಡಿಯಿತ್ತು. ಕೆಳಗೆ ಹರಿಯುವ ತೊರೆಯಲ್ಲಿ ಅವನ ದನಗಳು ನೀರು ಕುಡಿಯುತ್ತಿದ್ದವು. ನೂರಕ್ಕೂ ಹೆಚ್ಚು ದನಗಳು ಸತ್ತವು. ಊರಿನ ಯಾವ ವಕೀಲನೂ ಮುಂದೆ ಬರದಿದ್ದಾಗ ಆ ರೈತ ರಾಬರ್ಟ್ ಬಿಲಟ್ ಎಂಬ ವಕೀಲನ ಬಳಿ ಹೋದ. ಮೊಕದ್ದಮೆ 1999ರಲ್ಲಿ ಹೂಡಲ್ಪಟ್ಟಿತು.

ನ್ಯಾಯಾಲಯದ ಮೂಲಕ ಹೊರಬಂದ ಕಂಪನಿಯ ಕಾಗದಪತ್ರಗಳು ಹೇಳಿದ್ದೇನು? ಸುತ್ತಲಿನ ಊರುಗಳ ಕುಡಿಯುವ ನೀರಿನಲ್ಲಿ ಈ ವಿಷ ಇದೆಯೆಂಬುದು 1984ರಷ್ಟು ಹಿಂದೆಯೇ ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಸುಮ್ಮನಿತ್ತು. ಮಾಹಿತಿ ಮುಚ್ಚಿಟ್ಟದ್ದಕ್ಕಾಗಿ 2005ರಲ್ಲಿ ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆಯೊಂದಿಗೆ ಕಂಪನಿ 165 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು. ಸುಮಾರು 69,000 ಜನರ ರಕ್ತ ಪರೀಕ್ಷೆ ಮತ್ತು ಆರೋಗ್ಯ ಮಾಹಿತಿಯನ್ನು ಆಧರಿಸಿ ನಡೆದ ಅಧ್ಯಯನದ ಕೊನೆಗೆ, 2012ರ ಹೊತ್ತಿಗೆ, ಸ್ವತಂತ್ರ ವಿಜ್ಞಾನಿಗಳ ಸಮಿತಿಯೊಂದು ಆರು ಕಾಯಿಲೆಗಳಿಗೂ ಈ ರಾಸಾಯನಿಕಕ್ಕೂ ಸಂಭಾವ್ಯ ಸಂಬಂಧವಿದೆ ಎಂದು ಘೋಷಿಸಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಕರುಳಿನ ಹುಣ್ಣಿನ ಉರಿಯೂತ, ರಕ್ತದಲ್ಲಿ ಕೊಲೆಸ್ಟರಾಲ್ ಏರಿಕೆ ಮತ್ತು ಗರ್ಭಿಣಿಯರ ರಕ್ತದೊತ್ತಡ. 2017ರಲ್ಲಿ ಸುಮಾರು 3,550 ಮೊಕದ್ದಮೆಗಳ ಇತ್ಯರ್ಥಕ್ಕೆ ತೆತ್ತ ಹಣ 67 ಕೋಟಿ ಡಾಲರಿಗೂ ಮಿಗಿಲು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಪಿ.ಎಫ್.ಓ.ಎ.ಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೆಯ ಗುಂಪಿಗೆ ಸೇರಿಸಿತು.

ಅಮೆರಿಕ 2024ರಲ್ಲಿ ಕುಡಿಯುವ ನೀರಿಗೆ ವಿಧಿಸಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಬೇರೆ ಮಾತಿನಲ್ಲಿ, ಒಂದೇ ಒಂದು ಗ್ರಾಂ ಪಿ.ಎಫ್.ಓ.ಎ. 25 ಕೋಟಿ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡವಾದ ಐ.ಎಸ್. 10500ರ 2012ರ ಆವೃತ್ತಿಯಲ್ಲಿ ಈ ಕುಟುಂಬಕ್ಕೆ ಮಿತಿಯನ್ನೇ ಸೂಚಿಸಿಲ್ಲ. ಅಳತೆಯೇ ಇಲ್ಲದ ಕಡೆ ಅಪರಾಧವೂ ಇರುವುದಿಲ್ಲವಷ್ಟೆ!

ಚೀಟಿಯ ಜಾಣತನ

‘ಅದೆಲ್ಲ ಹಳೆಯ ಮಾತು, ನಮ್ಮ ಬಾಣಲೆ ಪಿ.ಎಫ್.ಓ.ಎ. ಮುಕ್ತ’ ಎಂದು ಮಳಿಗೆಯವರು ಚೀಟಿ ತೋರಿಸುತ್ತಾರೆ. ಚೀಟಿ ಸುಳ್ಳು ಹೇಳುವುದಿಲ್ಲ. ಅರ್ಧ ಸತ್ಯವನ್ನು ಹೇಳುತ್ತದೆ. 2006ರಲ್ಲಿ ಆರಂಭವಾದ ಒಂದು ಕಾರ್ಯಕ್ರಮದಡಿ ಅಮೆರಿಕೆಯ ದೊಡ್ಡ ತಯಾರಕರು 2015ರೊಳಗೆ ಪಿ.ಎಫ್.ಓ.ಎ. ಬಳಕೆ ನಿಲ್ಲಿಸಲು ಒಪ್ಪಿದರು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ಜಾಗತಿಕ ನಿರ್ಮೂಲನದ ಪಟ್ಟಿಗೆ ಸೇರಿಸಿತು. ಆದರೆ ಬಾಣಲೆಯ ಮೇಲಿನ ಲೇಪನ ಇಂದಿಗೂ ಪಿ.ಟಿ.ಎಫ್.ಇ.ಯೇ, ಅದೂ ಪಿಫಾಸ್ ಕುಟುಂಬದ್ದೇ. ಪಿ.ಎಫ್.ಓ.ಎ.ಯ ಜಾಗಕ್ಕೆ ‘ಜೆನ್‌ಎಕ್ಸ್’ ಎಂಬ ಅದರ ತಮ್ಮನನ್ನು ತಂದರು. 2017ರಲ್ಲಿ ಉತ್ತರ ಕೆರೊಲಿನಾದ ಕೇಪ್ ಫಿಯರ್ ನದಿಯ ನೀರಿನಲ್ಲಿ, ಅದನ್ನು ಕುಡಿಯುವ ಊರುಗಳ ನಲ್ಲಿಗಳಲ್ಲಿ ಆ ತಮ್ಮನೂ ಸಿಕ್ಕಿಬಿದ್ದ. ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೆ?

ಕೃಷಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಆಟ ಹೊಸದಲ್ಲ. ಒಂದು ಕೀಟನಾಶಕ ನಿಷೇಧವಾದೊಡನೆ ಅದೇ ಕುಲದ ಇನ್ನೊಂದು, ಹೆಸರು ಬದಲಿಸಿಕೊಂಡು ಬರುವುದನ್ನು ನಾವು ಕಂಡಿದ್ದೇವೆ. ಕಾಸರಗೋಡಿನ ಗೇರುತೋಪುಗಳಲ್ಲಿ, ನಮ್ಮದೇ ಬೆಳ್ತಂಗಡಿಯ ಕೊಕ್ಕಡದ ಆಸುಪಾಸಿನಲ್ಲಿ ಎಂಡೋಸಲ್ಫಾನ್ ಮಾಡಿದ್ದೇನೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ ಮಾತಲ್ಲ. ಆಗಲೂ ‘ಸರಿಯಾಗಿ ಬಳಸಿದರೆ ಅಪಾಯವಿಲ್ಲ’ ಎಂದೇ ಹೇಳಲಾಗಿತ್ತು. ಸರ್ವೋಚ್ಚ ನ್ಯಾಯಾಲಯದ ತಡೆ ಬರಲು 2011ರ ತನಕ ಕಾಯಬೇಕಾಯಿತು. ಆ ವೇಳೆಗೆ ಹುಟ್ಟಿದ್ದ ಮಕ್ಕಳ ಬದುಕನ್ನು ಯಾವ ಆದೇಶವೂ ಹಿಂದಿರುಗಿಸಲಿಲ್ಲ.

ಹುರಿಯುವ ಕೆಲಸಕ್ಕೆ ಸಲ್ಲದ ಪಾತ್ರೆ

ಇಲ್ಲಿ ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ಚಳವಳಿಯ ಉತ್ಸಾಹದಲ್ಲಿ ಉತ್ಪ್ರೇಕ್ಷೆ ಮಾಡಿದರೆ ನಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ. ಗಟ್ಟಿಯಾದ ಪಿ.ಟಿ.ಎಫ್.ಇ. ಜಡ ಪದಾರ್ಥ. ಲೇಪನದ ಚೂರೊಂದು ಊಟದೊಡನೆ ಹೊಟ್ಟೆ ಸೇರಿದರೆ ಅದು ಬಹುಮಟ್ಟಿಗೆ ಹಾಗೆಯೇ ಹೊರಹೋಗುತ್ತದೆ. ತಯಾರಾದ ಬಾಣಲೆಯಲ್ಲಿ ಉಳಿಯುವ ಪಿ.ಎಫ್.ಓ.ಎ. ಅತ್ಯಲ್ಪ. ನಾನ್‌ಸ್ಟಿಕ್ ಬಾಣಲೆಯಲ್ಲಿ ಒಂದು ದೋಸೆ ತಿಂದವರಿಗೆ ಕ್ಯಾನ್ಸರ್ ಬರುತ್ತದೆಂದು ಹೆದರಿಸುವುದು ವಿಜ್ಞಾನವಲ್ಲ.

ಹಾಗಾದರೆ ಅಡುಗೆಮನೆಯಲ್ಲಿ ಅಪಾಯವೆಲ್ಲಿದೆ? ಶಾಖದಲ್ಲಿದೆ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಲೇಪನ ಕೆಡಲಾರಂಭಿಸುತ್ತದೆ. 350 ಡಿಗ್ರಿಯ ಸುಮಾರಿಗೆ ವಿಘಟನೆ ತೀವ್ರವಾಗಿ ವಿಷಾನಿಲಗಳು ಹೊರಡುತ್ತವೆ. ಆ ಹೊಗೆ ಸೇವಿಸಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಕೆಮ್ಮು ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುವ ಇದಕ್ಕೆ ವೈದ್ಯಶಾಸ್ತ್ರದಲ್ಲಿ ‘ಪಾಲಿಮರ್ ಹೊಗೆಜ್ವರ’ ಎಂದು ಹೆಸರು. ಪಂಜರದ ಹಕ್ಕಿಗಳ ಶ್ವಾಸಕೋಶಕ್ಕೆ ಅಷ್ಟು ಸಹನೆಯಿಲ್ಲ. ಅಂಥ ಹೊಗೆಗೆ ಅವು ನಿಮಿಷಗಳಲ್ಲಿ ಸತ್ತ ಪ್ರಕರಣಗಳು ಪಶುವೈದ್ಯರಿಗೆ ದಶಕಗಳಿಂದ ಗೊತ್ತಿವೆ.

ಬಾಣಲೆಯಲ್ಲಿ ನೀರೋ ಸಾರೋ ಇದ್ದಷ್ಟು ಹೊತ್ತು ಶಾಖ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಬಾಣಲೆಗೆ ಬೀಳುವ ದೊಡ್ಡ ಕೆಲಸವಾದರೋ ಒಣಹುರಿಯುವುದು. ಸಾರಿನ ಪುಡಿಗೆ ಕೊತ್ತಂಬರಿ, ಮೆಂತ್ಯ, ಒಣಮೆಣಸು. ಚಟ್ನಿಗೆ ಎಳ್ಳು, ಉದ್ದಿನಬೇಳೆ. ಸಂಜೆಗೆ ಶೇಂಗಾ, ಹಲಸಿನ ಬೀಜ. ಬೆಳೆಗಾರರ ಮನೆಗಳಲ್ಲಿ ಕಾಫಿಬೀಜ. ಇಲ್ಲಿ ನೀರಿನ ಕಾವಲಿಲ್ಲ, ಎಣ್ಣೆಯೂ ಇಲ್ಲ. ಕಾಫಿಬೀಜ ಹದವಾಗಿ ಹುರಿಯಬೇಕಾದರೆ ಬೀಜದ ಶಾಖವೇ 200 ಡಿಗ್ರಿ ಮೀರಬೇಕು. ಅದನ್ನು ಹೊತ್ತ ಲೋಹದ ತಳ ಇನ್ನೂ ಬಿಸಿಯಾಗಿರುತ್ತದೆ. ತೆಳುವಾದ ಅಲ್ಯೂಮಿನಿಯಮ್ ಬಾಣಲೆ ಬರಿದಾಗಿ ಜೋರು ಉರಿಯ ಮೇಲಿದ್ದರೆ 260 ಡಿಗ್ರಿಯ ಗಡಿ ದಾಟಲು ಕೆಲವೇ ನಿಮಿಷ ಸಾಕು.

ಇನ್ನು ಒಲೆಯ ಮಾತು. ಅಡುಗೆ ಅನಿಲ ಬಂದ ಮೇಲೆಯೂ ನಮ್ಮ ಹಳ್ಳಿಗಳಲ್ಲಿ ಕಟ್ಟಿಗೆಯ ಒಲೆ ಆರಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆಯಿರಲಿ, ಮೂರು ಕಲ್ಲಿನ ಒಲೆಯಿರಲಿ, ಕಟ್ಟಿಗೆಯ ಉರಿಗೆ ಕಿವಿ ತಿರುಪುವ ಗುಂಡಿಯಿಲ್ಲ. ಪಾತ್ರೆ ತೊಳೆಯುವುದು ಬೂದಿ ಮತ್ತು ತೆಂಗಿನ ನಾರಿನಿಂದ. ಕಲಕುವುದು ಕಬ್ಬಿಣದ ಸೌಟಿನಿಂದ. ಈ ಮೂರೂ ಲೇಪನದ ಶತ್ರುಗಳೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ನಾನ್‌ಸ್ಟಿಕ್ ಪಾತ್ರೆಯನ್ನು ಅತಿಯಾಗಿ ಕಾಯಿಸಬಾರದು, ಲೇಪನ ಸವೆದರೆ ಎಸೆಯಬೇಕು ಎಂದು ಎಚ್ಚರಿಸಿದೆ.

ಎಸೆಯಬೇಕು, ಸರಿ, ಎಲ್ಲಿಗೆ? ಗುಜರಿಯವನು ಅದನ್ನು ಅಲ್ಯೂಮಿನಿಯಮ್ಮಿನ ಬೆಲೆಗೆ ಒಯ್ಯುತ್ತಾನೆ. ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ. ಅಷ್ಟರೊಳಗೆ ಲೇಪನ ಪೂರ್ತಿ ಅನಿಲವಾಗಿರುತ್ತದೆ. ಆ ಹೊಗೆಯನ್ನು ಕುಡಿಯುವವನು ಯಾವುದೋ ಊರಿನ ಕುಲುಮೆಯ ಕೂಲಿಕಾರ. ನಮ್ಮ ಅಡುಗೆಮನೆಯ ಅನುಕೂಲದ ಬಿಲ್ಲು ಅವನ ಎದೆಗೆ ಹೋಗುತ್ತದೆ.

ಘಟ್ಟದ ಬುಡಕ್ಕೆ ಬಂದ ಯಂತ್ರಗಳು

ಇದೆಲ್ಲ ದೂರದೇಶದ ಕಥೆಯೆಂದು ನಿಟ್ಟುಸಿರು ಬಿಡುವಂತಿಲ್ಲ. ಇಟಲಿಯ ವೆನೆಟೊ ಪ್ರಾಂತದಲ್ಲಿ ಮಿಟೆನಿ ಎಂಬ ಕಾರ್ಖಾನೆ ಪಿ.ಎಫ್.ಓ.ಎ.ಯನ್ನೂ ಅದೇ ಕುಟುಂಬದ ಇತರ ರಾಸಾಯನಿಕಗಳನ್ನೂ ತಯಾರಿಸುತ್ತಿತ್ತು. ಮೂರು ಜಿಲ್ಲೆಗಳ ಲಕ್ಷಾಂತರ ಜನರ ಅಂತರ್ಜಲ ಕೆಟ್ಟಿತು. 2018ರಲ್ಲಿ ಕಂಪನಿ ದಿವಾಳಿಯಾಯಿತು. 2025ರ ಜೂನ್ ತಿಂಗಳಲ್ಲಿ ವಿಚೆಂಜಾದ ನ್ಯಾಯಾಲಯ ಅದಕ್ಕೆ ಸಂಬಂಧಿಸಿದ 11 ಮಂದಿ ಅಧಿಕಾರಿಗಳಿಗೆ ಸೆರೆಮನೆಯ ಶಿಕ್ಷೆ ವಿಧಿಸಿತು. ಆ ಕಾರ್ಖಾನೆಯ ಯಂತ್ರಗಳೇನಾದವು? ಹರಾಜಿನಲ್ಲಿ ಭಾರತದ ಕಂಪನಿಯೊಂದು ಕೊಂಡು, ಬಿಚ್ಚಿ, ಹಡಗಿನಲ್ಲಿ ತಂದು ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶದಲ್ಲಿ ನಿಲ್ಲಿಸಿದೆ.

ಲೋಟೆ ಎಂಬ ಹೆಸರು ನಮ್ಮವರಿಗೆ ಅಪರಿಚಿತವಲ್ಲ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ 2011ರ ವರದಿಯಲ್ಲಿ ರಾಸಾಯನಿಕ ಮಾಲಿನ್ಯದ ದುಃಸ್ಥಿತಿಗೆ ಉದಾಹರಣೆಯಾಗಿ ಅದನ್ನೇ ಹೆಸರಿಸಿತ್ತು. ಅಲ್ಲಿ ಬಾಣಲೆಯ ಲೇಪನ ತಯಾರಾಗುತ್ತಿದೆಯೆಂದು ನಾನು ಹೇಳುತ್ತಿಲ್ಲ. ಒಂದು ದೇಶ ಶಿಕ್ಷೆ ಕೊಟ್ಟು ಹೊರಹಾಕಿದ ಕುಟುಂಬದ ಉದ್ಯಮ ನಮ್ಮ ಸಹ್ಯಾದ್ರಿಯ ಬುಡದಲ್ಲಿ ನೆಲೆ ಹುಡುಕುತ್ತಿದೆ ಎಂಬುದನ್ನು ಗಮನಿಸಿ ಎನ್ನುತ್ತಿದ್ದೇನೆ.

ಮಣ್ಣಿನ ಪಾಠವೂ ಇದೆ. ಅಮೆರಿಕೆಯ ಮೇನ್ ರಾಜ್ಯದಲ್ಲಿ ನಗರದ ಚರಂಡಿಯ ಕೆಸರನ್ನು ಗೊಬ್ಬರವೆಂದು ಹೊಲಗಳಿಗೆ ಹಾಕಿದರು. ಅದರೊಡನೆ ಪಿಫಾಸ್ ಮಣ್ಣಿಗಿಳಿದು, ಹುಲ್ಲಿಗೇರಿ, ಹಾಲಿಗೆ ಬಂದಿತು. ಹೈನುಗಾರರು ಬಾಗಿಲು ಮುಚ್ಚಿದರು. 2022ರಲ್ಲಿ ಆ ರಾಜ್ಯ ಅಂಥ ಕೆಸರಿನ ಬಳಕೆಯನ್ನೇ ನಿಷೇಧಿಸಿತು. ಸೊಪ್ಪಿನ ಬೆಟ್ಟದ ದರಕನ್ನು ನಂಬಿದ ನಮ್ಮ ಅಡಿಕೆ ತೋಟಗಳಿಗೆ ‘ಅಗ್ಗದ ಸಾವಯವ ಗೊಬ್ಬರ’ ಎಂದು ನಗರದ ಕೆಸರು ಲಾರಿಯೇರಿ ಬಂದರೆ, ಪ್ರಶ್ನೆ ಕೇಳುವ ಹಕ್ಕು ಮತ್ತು ಹೊಣೆ ಎರಡೂ ನಮ್ಮವು.

ಆಕ್ಷೇಪಗಳಿಗೆ ಉತ್ತರ

ಮೊದಲನೆಯದು ಎಣ್ಣೆಯ ಮಾತು. ಹೃದ್ರೋಗಿಗಳಿಗೆ ಕಡಿಮೆ ಎಣ್ಣೆ ಬೇಕಲ್ಲವೆ? ಬೇಕು. ಪಳಗಿದ ಕಬ್ಬಿಣದ ಕಾವಲಿಗೆ ದೋಸೆಯೊಂದಕ್ಕೆ ಎಣ್ಣೆಯಲ್ಲಿ ಅದ್ದಿದ ಈರುಳ್ಳಿಯ ಹೋಳಿನಿಂದ ಒಂದು ಸವರು ಸಾಕು. ಹೃದಯವನ್ನು ಕೆಡಿಸುವುದು ಆ ಸವರಲ್ಲ. ಪೊಟ್ಟಣದಲ್ಲಿ ಬರುವ ಕರಿದ ತಿಂಡಿ.

ಎರಡನೆಯದು ಭಾರ. ವಯಸ್ಸಾದ ಹೆಂಗಸರ ಕೈಗೆ ಬೀಡುಕಬ್ಬಿಣ ಭಾರವೆಂಬುದು ನಿಜ. ಈ ಆಕ್ಷೇಪವನ್ನು ಗಂಡಸರು ಹಗುರವಾಗಿ ತಳ್ಳಿಹಾಕಕೂಡದು. ಕಾವಲಿ ತಿಕ್ಕುವವರು ತಾವಲ್ಲದಿದ್ದಾಗ ಪರಂಪರೆಯ ಹೊಗಳಿಕೆ ಬಹಳ ಸುಲಭ. ಬೀಡಿಗಿಂತ ಹಗುರವಾದ ತಗಡು ಕಬ್ಬಿಣದ ಬಾಣಲೆ ಕಮ್ಮಾರರಲ್ಲಿ, ಸಂತೆಗಳಲ್ಲಿ ದೊರೆಯುತ್ತದೆ. ಅದೂ ಆಗದಿದ್ದರೆ ಎತ್ತಿಳಿಸುವ, ತೊಳೆಯುವ ಕೆಲಸವನ್ನು ಮನೆಯ ಗಂಡಸರು ಮಾಡಲಿ. ಇದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮೂರನೆಯದು, ‘ಸೆರಾಮಿಕ್’ ಲೇಪನ ಬಂದಿದೆಯಲ್ಲ ಎಂಬುದು. ಅದರಲ್ಲಿ ಫ್ಲೋರಿನ್ ಇಲ್ಲ. ಸಿಲಿಕಾ ಮೂಲದ ಲೇಪನವದು. ಆ ಮಟ್ಟಿಗೆ ಒಳ್ಳೆಯದೇ. ಆದರೆ ಅದರ ಜಾರುಗುಣ ಬೇಗನೆ ಕ್ಷೀಣಿಸುತ್ತದೆ. ಮತ್ತೆ ಹೊಸದು ಕೊಳ್ಳಬೇಕು. ಕೊಳ್ಳುತ್ತಲೇ ಇರುವಂತೆ ಮಾಡುವುದೇ ವ್ಯಾಪಾರದ ಗುಟ್ಟು.

ಕಬ್ಬಿಣದಿಂದ ಇನ್ನೊಂದು ಲಾಭವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿ ರಕ್ತಹೀನರು. ಇಥಿಯೋಪಿಯಾದಲ್ಲಿ ನಡೆದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳ ಹಿಮೋಗ್ಲೋಬಿನ್ ಅಲ್ಯೂಮಿನಿಯಮ್ ಪಾತ್ರೆಯ ಮಕ್ಕಳಿಗಿಂತ ಉತ್ತಮಗೊಂಡದ್ದನ್ನು ತೋರಿಸಿತು. ಕಾವಲಿಯೊಂದೇ ರಕ್ತಹೀನತೆಗೆ ಮದ್ದಲ್ಲ. ಆದರೆ ಪುಕ್ಕಟೆಯಾಗಿ ದೊರೆಯುವ ನೆರವನ್ನು ಗುಜರಿಗೆ ಹಾಕಿ, ಅಂಗಡಿಯಿಂದ ಗುಳಿಗೆ ತರುವುದು ಯಾವ ಜಾಣತನ?

ಕೊಳ್ಳುವವರಿಗೆ, ಬಳಸುವವರಿಗೆ

ಮನೆಯಲ್ಲಿ ಈಗಾಗಲೇ ನಾನ್‌ಸ್ಟಿಕ್ ಇದ್ದರೆ ಗಾಬರಿಯಾಗಬೇಕಿಲ್ಲ. ಬರಿದಾಗಿ ಒಲೆಯ ಮೇಲಿಡಬೇಡಿ. ಒಣಹುರಿಯಲು ಬಳಸಲೇಬೇಡಿ. ಕಟ್ಟಿಗೆಯ ಒಲೆಗೆ ಏರಿಸಬೇಡಿ. ಅನಿಲದ ಒಲೆಯಲ್ಲಿಯೂ ಉರಿ ಸಣ್ಣದಿರಲಿ, ಕಿಟಕಿ ತೆರೆದಿರಲಿ. ಮರದ ಸೌಟು, ಮೆದು ಬಟ್ಟೆ ಬಳಸಿ. ಲೇಪನ ಎದ್ದರೆ ಪಾತ್ರೆಯನ್ನು ಒಲೆಯಿಂದ ನಿವೃತ್ತಿಗೊಳಿಸಿ. ಬೆಂಕಿಗೆ ಮಾತ್ರ ಹಾಕಬೇಡಿ. ಹೊಸದನ್ನು ಕೊಳ್ಳಲೇಬೇಕಾದವರು ‘ಪಿ.ಎಫ್.ಓ.ಎ. ಮುಕ್ತ’ ಎಂಬ ಚೀಟಿಗೆ ತೃಪ್ತರಾಗದೆ, ‘ಪಿ.ಟಿ.ಎಫ್.ಇ. ಇದೆಯೇ, ಪಿಫಾಸ್ ಮುಕ್ತವೇ’ ಎಂದು ಕೇಳಿ. ಉತ್ತರ ಬಾರದಿದ್ದರೆ ಅದೇ ಉತ್ತರ.

ಕಬ್ಬಿಣವನ್ನು ಪಳಗಿಸುವುದು ಕಷ್ಟದ ವಿದ್ಯೆಯಲ್ಲ. ತುಕ್ಕನ್ನು ಬೂದಿಯಿಂದ ತಿಕ್ಕಿ ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ. ತೆಳ್ಳಗೆ ಎಣ್ಣೆ ಸವರಿ, ಹೆಚ್ಚಿನದನ್ನು ಒರೆಸಿ, ಹೊಗೆಯೇಳುವ ತನಕ ಕಾಯಿಸಿ ಆರಲು ಬಿಡಿ. ಹೀಗೆ ನಾಲ್ಕೈದು ಬಾರಿ. ಅಗಸೆ, ಸೂರ್ಯಕಾಂತಿ, ಎಳ್ಳು, ಹುಚ್ಚೆಳ್ಳಿನಂಥ ಎಣ್ಣೆಗಳ ಅಣುಗಳು ಕಾವಿನಲ್ಲಿ ಒಂದಕ್ಕೊಂದು ಬೆಸೆದು ಗಟ್ಟಿಯಾದ ಪೊರೆಯಾಗುತ್ತವೆ. ಕೊಬ್ಬರಿ ಎಣ್ಣೆಗೆ ಆ ಗುಣ ಕಡಿಮೆ. ಈ ಪೊರೆಯೂ ನಾನ್‌ಸ್ಟಿಕ್ಕೇ. ಸವೆದರೆ ಮತ್ತೆ ಸವರಬಹುದು. ಕೆಟ್ಟರೆ ಮಣ್ಣಿಗೆ ಸೇರಬಲ್ಲದು. ಹುಣಸೆ, ಹುಳಿ ಹಾಕಿದ ಪದಾರ್ಥವನ್ನು ಅದರಲ್ಲಿ ಬಹುಹೊತ್ತು ಬಿಡಬೇಡಿ. ಮಳೆಗಾಲದಲ್ಲಿ ತೊಳೆದೊಡನೆ ಒಲೆಗಿಟ್ಟು ಒಣಗಿಸಿ ಎಣ್ಣೆ ಸವರಿಡಿ. ನಮ್ಮ ಆಷಾಢದ ಥಂಡಿಗೆ ಅದೊಂದೇ ಉತ್ತರ.

ನಾವು ಕೇಳಬೇಕಾದದ್ದು

ಮನೆಯ ಬಾಣಲೆ ಬದಲಿಸಿದ ಮಾತ್ರಕ್ಕೆ ಕಾರ್ಖಾನೆ ನಿಲ್ಲುವುದಿಲ್ಲ. ಅಮೆರಿಕೆಯ ಮಿನೆಸೋಟಾ ರಾಜ್ಯ 2025ರ ಜನವರಿಯಿಂದ ಪಿಫಾಸ್ ಬೆರೆಸಿದ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಷೇಧಿಸಿದೆ. ಫ್ರಾನ್ಸ್ 2025ರಲ್ಲಿ ಪಿಫಾಸ್ ವಿರುದ್ಧ ಕಾನೂನು ತಂದಿತು. ಉದ್ಯಮದ ಒತ್ತಡಕ್ಕೆ ಮಣಿದು ಅಡುಗೆ ಪಾತ್ರೆಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ನಾನ್‌ಸ್ಟಿಕ್ ಹುಟ್ಟಿದ ಮನೆಯ ಕಥೆಯೇ ಹೀಗಿದೆ. ಭಾರತ ಸ್ಟಾಕ್‌ಹೋಮ್ ಒಪ್ಪಂದದ ಏಳು ರಾಸಾಯನಿಕಗಳನ್ನು 2020ರಲ್ಲಿ ಅನುಮೋದಿಸಿತು. ಆ ಏಳರಲ್ಲಿ ಪಿ.ಎಫ್.ಓ.ಎ. ಇರಲಿಲ್ಲ. ಎಲ್ಲರ ಮನೆಯ ದೋಸೆ ತೂತು, ನಮ್ಮ ಮನೆಯ ಕಾವಲಿಯೇ ತೂತು!

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಪಾತ್ರೆಯ ಲೇಪನದಲ್ಲಿ ಏನಿದೆಯೆಂಬುದನ್ನು ಕನ್ನಡದಲ್ಲಿ ಮುದ್ರಿಸುವುದು ಕಡ್ಡಾಯವಾಗಬೇಕು. ಕುಡಿಯುವ ನೀರಿನ ಮಾನದಂಡದಲ್ಲಿ ಪಿಫಾಸ್‌ಗೆ ಮಿತಿ ಬರಬೇಕು. ಘಟ್ಟದ ನದಿಗಳಿಗೆ ಕೈಗಾರಿಕೆಗಳು ಬಿಡುವ ನೀರನ್ನು ಈ ರಾಸಾಯನಿಕಗಳಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯ ಮುಂದಿಡಬೇಕು. ಅಂಗನವಾಡಿ, ಶಾಲೆ, ವಿದ್ಯಾರ್ಥಿನಿಲಯಗಳ ಅಡುಗೆಮನೆಗೆ ಈ ಲೇಪನದ ಪಾತ್ರೆ ಕೊಳ್ಳಕೂಡದು. ವಿದ್ಯಾರ್ಥಿ ಮಿತ್ರರು ತಮ್ಮ ನಿಲಯದಿಂದಲೇ ಆರಂಭಿಸಬಹುದು: ಅಡುಗೆಮನೆಗೆ ಹೋಗಿ, ಬಾಣಲೆಗಳನ್ನು ಎಣಿಸಿ, ಚೀಟಿಗಳನ್ನು ಓದಿ, ವಾರ್ಡನರಿಗೆ ಲಿಖಿತ ಅರ್ಜಿ ಕೊಡಿ. ಗ್ರಾಮಸಭೆಯ ಮುಂದಿನ ಬೈಠಕ್ಕಿನಲ್ಲಿ ನೀರಿನ ಪರೀಕ್ಷೆಯ ವಿಷಯವನ್ನು ನಡಾವಳಿಯಲ್ಲಿ ಬರೆಸಿ.

ಅಟ್ಟದ ಮೇಲೆ ತುಕ್ಕು ಹಿಡಿದ ಕಾವಲಿಯಿದ್ದರೆ ಈ ವಾರವೇ ಕೆಳಗಿಳಿಸಿ. ಜಾತ್ರೆಯ ಮಳಿಗೆಯವನು ಅದನ್ನು ಕೇಳುವ ಮೊದಲು.